ಹತ್ತು ಗಂಟೆಯೊಳಗೆ ಮುಗಿಸಿಕೋ

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಜಪಾನಿನಲ್ಲಿ ಒಸಾಕಾದಿಂದ ಬೆಪ್ಪು ಊರಿಗೆ ರಾತ್ರಿಯಿಡೀ ಸಾಗುವ ಸನ್‌ಫ್ಲವರ್ ಫೆರಿ ಹಡಗಿನಲ್ಲಿ ಟೂರಿಸ್ಟ್ ದರ್ಜೆ ಹಿಡಿದಿದ್ದೀಯಂತೆ. ದುಡ್ಡು ಉಳಿಯುತ್ತೆ, ಸರಿ. ಆದರೆ ಅಲ್ಲಿ ನಿನಗೆಂದು ಕೋಣೆಯಿಲ್ಲ. ದೊಡ್ಡ ಹಾಲಿನಲ್ಲಿ ಗುರುತಿಲ್ಲದವರ ಪಕ್ಕ ಹಾಸಿಗೆಯಗಲದ ಜಾಗ. ರಾತ್ರಿ ಹತ್ತರ ಸುಮಾರಿಗೆ ದೀಪ ಆರಿಸುತ್ತಾರೆ. ನೀನೂ ಗೆಳೆಯರೂ ಅಷ್ಟರೊಳಗೆ ಎಲ್ಲ ಮುಗಿಸಿಕೊಂಡಿರಬೇಕು.

ಒಸಾಕಾದ ಕಾಸ್ಮೊಸ್ಕ್ವೇರ್ ನಿಲ್ದಾಣದಲ್ಲಿ ನ್ಯೂ ಟ್ರಾಮ್ ಎನ್ನುವ ಪುಟ್ಟ ರೈಲು ಹತ್ತಿ, ಮುಂದಿನ ಟ್ರೇಡ್ ಸೆಂಟರ್ ಮಾಎ ನಿಲ್ದಾಣದಲ್ಲೇ ಇಳಿ. ಅದೇ ಮಾರ್ಗದಲ್ಲಿ ಮುಂದೆ 'ಫೆರಿ ಟರ್ಮಿನಲ್' ಅಂತಲೇ ಒಂದು ನಿಲ್ದಾಣವಿದೆ. ಹೆಸರು ನಂಬಿ ಅಲ್ಲಿಳಿದರೆ ಸಿಗುವುದು ಬೇರೆ ಕಂಪನಿಗಳ ಹಡಗು. ಒಂದು ತಾಸು ಮುಂಚೆಯೇ ಹೋಗು.

ಊಟದ್ದೇ ನಿನಗೆ ತಾಪತ್ರಯ. ತರಕಾರಿ ಬೇಯಿಸಿದ ನೀರಲ್ಲೂ ಒಣಮೀನಿನ ಸಾರ ಇರುತ್ತೆ, 'ಕರಿ' ಅನ್ನುವ ಗಟ್ಟಿ ಸಾರಿನಲ್ಲಿ ಸಾಮಾನ್ಯವಾಗಿ ಮಾಂಸದ ಕೊಬ್ಬು. ಅಮ್ಮನ ಪುಳಿಯೋಗರೆ ಗೊಜ್ಜು ಒಯ್ಯಿ. ಹಡಗು ಹತ್ತುವ ಮೊದಲು ಕೊಂಬಿನಿ ಎನ್ನುವ ದಿನಬಳಕೆಯ ಅಂಗಡಿಯಲ್ಲಿ 200 ಗ್ರಾಂ ಅನ್ನದ ಪ್ಯಾಕೆಟ್ ಕೊಂಡು, ಅಲ್ಲೇ ಬಿಸಿ ಮಾಡಿಸಿ, ಬಿಸಿ ಇರುವಾಗಲೇ ಕಲಸಿಬಿಡು. ಆರಿದರೆ ಅನ್ನ ಗಟ್ಟಿಯಾಗಿ ಗೊಜ್ಜು ಹಿಡಿಯುವುದಿಲ್ಲ. ತಿನ್ನುವುದು ಮಲಗುವ ಹಾಲಿನಲ್ಲಲ್ಲ, ಲೌಂಜಿನಲ್ಲಿ. ಇಂಗಿನ ಘಮ ಪಕ್ಕದವರಿಗೂ ಹಿತವೆನ್ನುವ ಖಾತ್ರಿಯಿಲ್ಲ.

ಹೊರಟ ಒಂದು ತಾಸಿಗೆ ಅಕಾಶಿ ತೂಗುಸೇತುವೆಯ ಕೆಳಗೆ ಹಡಗು ನುಸುಳುತ್ತೆ. ಅದರ ಎರಡು ಗೋಪುರಗಳ ನಡುವಿನ ಹರಹೇ 1991 ಮೀಟರ್. ಎಲ್ಲರೂ ಡೆಕ್ಕಿಗೆ ಓಡುತ್ತಾರೆ, ನೀನೂ ಹೋಗು. ಸ್ನಾನ ಆಮೇಲೆ. ಹಡಗಿನಲ್ಲಿ ಗಂಡಸರೆಲ್ಲ ಒಟ್ಟಿಗೆ ಮೀಯುವ ಸ್ನಾನದ ಮನೆಯಲ್ಲಿ ಮೈಮೇಲೆ ಒಂದೆಳೆ ಬಟ್ಟೆಯೂ ಇರಕೂಡದು, ನಾಚಿಕೊಂಡರೆ ಆಗದು. ಪುಟ್ಟ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ, ನೊರೆ ಪೂರಾ ತೊಳೆದುಕೊಂಡ ಮೇಲೇ ತೊಟ್ಟಿಗಿಳಿ. ಟವೆಲ್ ನೀರಿಗೆ ತಾಗಿಸಬೇಡ.

ರಾತ್ರಿಗೆ ಬೇಕಾದ ಬ್ರಷ್, ಚಾರ್ಜರ್, ಬೆಳಗಿನ ಬಟ್ಟೆಯನ್ನು ಬಟ್ಟೆಯ ಚೀಲದಲ್ಲಿ ತಲೆದೆಸೆಗಿಟ್ಟುಕೋ. ಕತ್ತಲಲ್ಲಿ ಪ್ಲಾಸ್ಟಿಕ್ ಕವರಿನ ಸರಸರ ಸದ್ದಿಗೆ ಹತ್ತು ಜನ ಏಳುತ್ತಾರೆ. ಅಲಾರಂ ವೈಬ್ರೇಟ್‌ಗಿಟ್ಟು ದಿಂಬಿನಡಿ ಹಾಕು. ಗೆಳೆಯರೊಡನೆ ಪಿಸುಮಾತೂ ಬೇಡ, ಹರಟೆ ಹೊರಗೆ ಹೊಡೆಯಿರಿ. ಗೊರಕೆಗೆ ಮಾತ್ರ ಯಾರೂ ಏನೂ ಮಾಡಲಾರರು. ಕಿವಿಗೆ ಇಯರ್‌ಪ್ಲಗ್ ಇರಲಿ.

ಹಡಗು ಸಾಗುವ ಸೆಟೊ ಒಳಗಡಲು ಶಾಂತ, ಓಲಾಟ ಕಡಿಮೆ. ಆದರೂ ವಾಕರಿಕೆಯ ಮೈಯಾದರೆ ಹೊರಡುವ ಅರ್ಧ ತಾಸು ಮೊದಲೇ ಮಾತ್ರೆ ನುಂಗು. ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನೀನು ಹೋಗುವುದು ಸೆಪ್ಟೆಂಬರಿನಲ್ಲಿ, ಚಂಡಮಾರುತದ ಕಾಲ. ಹಡಗು ರದ್ದಾಗಲೂಬಹುದು, ಹಿಂದಿನ ದಿನವೇ ಕಂಪನಿಯ ಪ್ರಕಟಣೆ ನೋಡು. ಬೆಪ್ಪುವಿನಲ್ಲಿ, ರದ್ದು ಮಾಡಿದರೆ ದುಡ್ಡು ವಾಪಸು ಬರುವಂಥ ಹೋಟೆಲನ್ನೇ ಹಿಡಿ.

ಇಂತಿ,
ನಿನ್ನ ಮಾವ