ಹೊಟ್ಟೆ ಕಿರಿದಾದರಷ್ಟೇ ಸಾಲದು

ಮಾನ್ಯರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಕುರಿತ ಬರಹಗಳು ಬಹುತೇಕ ಎಷ್ಟು ಕಿಲೊ ಇಳಿಯಿತು ಎಂಬಲ್ಲಿಗೆ ನಿಂತುಬಿಡುತ್ತವೆ. ಇಳಿದ ತೂಕವನ್ನು ಕಾಯ್ದುಕೊಳ್ಳುವ ಬಗೆ ಅಪರೂಪಕ್ಕೆ ಚರ್ಚೆಯಾಗುತ್ತದೆ. ಅಣ್ಣನಿಗೆ ಈ ಚಿಕಿತ್ಸೆಯಾದ ಮೇಲೆ ಹತ್ತಿರದಿಂದ ಕಂಡಿದ್ದನ್ನು ಬರೆಯುತ್ತಿದ್ದೇನೆ.

ಸ್ಲೀವ್ ವಿಧಾನದಲ್ಲಿ ಜಠರದ ಶೇ 75ರಿಂದ 80ರಷ್ಟು ಭಾಗವನ್ನು ತೆಗೆಯುತ್ತಾರೆ. ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ತಗ್ಗುವುದರಿಂದ ಮೊದಮೊದಲು ಹಸಿವು ಅಷ್ಟಾಗಿ ಕಾಡುವುದಿಲ್ಲ. ಆದರೆ ಬೇಸರ, ಒಂಟಿತನ, ಸಿಟ್ಟು ಬಂದಾಗ ಬಾಯಾಡಿಸುವ ಚಾಳಿ ಯಾವ ಕತ್ತರಿಗೂ ಸಿಗುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಮನಸ್ಸಿಟ್ಟು ಉಣ್ಣುವ ಅಭ್ಯಾಸ. ಅಣ್ಣ ಊಟಕ್ಕೆ ಕುಳಿತರೆ ಟಿ.ವಿ., ಮೊಬೈಲ್ ದೂರ. ಒಂದು ತುತ್ತು ಬಾಯಿಗಿಟ್ಟು ಚಮಚವನ್ನು ಕೆಳಗಿಟ್ಟುಬಿಡುತ್ತಾನೆ. ಅದು ನುಣ್ಣಗಾಗಿ ಒಳಗಿಳಿದ ಮೇಲೆಯೇ ಮತ್ತೆ ಕೈಗೆತ್ತಿಕೊಳ್ಳುವುದು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಅವಸರದಲ್ಲಿ ನುಂಗಿದರೆ ಎದೆ ಒತ್ತಿದಂತಾಗಿ ವಾಂತಿಯೂ ಆಗಬಹುದು. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನಬೇಕೆನಿಸಿದರೆ ಕಣ್ಣು ಮುಚ್ಚಿ ತುಸು ಹೊತ್ತು ಉಸಿರನ್ನು ಗಮನಿಸುತ್ತಾನೆ; ಇದು ಹಸಿವೋ, ಮನಸ್ಸಿನ ತಳಮಳವೋ ಎಂದು ಕೇಳಿಕೊಳ್ಳುತ್ತಾನೆ. ಕೆಲವೊಮ್ಮೆ ನಿಜವಾದ ಹಸಿವೇ ಆಗಿರುತ್ತದೆ, ಆಗ ಉಣ್ಣುತ್ತಾನೆ.

ಇದು ವೈದ್ಯರ ಸಲಹೆಗೆ ಬದಲಿಯಲ್ಲ. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ, ವಿಟಮಿನ್ ಡಿ ಪೂರಕಗಳೂ ಆಗಾಗ ರಕ್ತಪರೀಕ್ಷೆಯೂ ಜೀವನಪೂರ್ತಿ ಬೇಕು. ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗೆ ಮುನ್ನವೇ ಈ ಅಭ್ಯಾಸವನ್ನು ಕಲಿಸಬೇಕು. ನಂತರದ ತಪಾಸಣೆಗಳಲ್ಲಿ ತೂಕ ನೋಡುವುದರ ಜೊತೆಗೆ ಮನಸ್ಸು ಹೇಗಿದೆ ಎಂದೂ ವಿಚಾರಿಸಬೇಕು.

– ಒಬ್ಬ ಓದುಗ