ಹೆವಿವೇಟ್ ಹೋಲಿಕೆಗೆ ಎತ್ತರ, ತೂಕ ಸಾಲದು

ಮಾನ್ಯ ಸಂಪಾದಕರೇ,

ಹಿಂದಿನ ಹೆವಿವೇಟ್ ಬಾಕ್ಸರ್‌ಗಳನ್ನೂ ಇಂದಿನವರನ್ನೂ ಅಕ್ಕಪಕ್ಕ ನಿಲ್ಲಿಸಿ ಕ್ರೀಡಾ ಪುಟದಲ್ಲಿ ಹಾಕಿದ್ದ ಪಟ್ಟಿಯಲ್ಲಿ ಎತ್ತರ, ತೂಕ, ನಾಕೌಟ್‌ಗಳ ಲೆಕ್ಕ ಎಲ್ಲ ಇತ್ತು. ಎಷ್ಟು ಸುತ್ತಿನ ಸೆಣಸಾಟ ಎಂಬುದು ಮಾತ್ರ ಇರಲಿಲ್ಲ. ಅದನ್ನು ಬಿಟ್ಟರೆ ಹೋಲಿಕೆಗೆ ಬುಡವೇ ಇರುವುದಿಲ್ಲ.

1980ರ ದಶಕದವರೆಗೂ ವಿಶ್ವ ಪಟ್ಟಕ್ಕೆ 15 ಸುತ್ತು. 1982ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಬಾಕ್ಸರ್ ಕಿಮ್ ಡುಕ್‌ಕೂ ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿ ಎದುರು 14ನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಬಳಿಕ ವಿಶ್ವ ಪಟ್ಟ ನೀಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಸುತ್ತುಗಳನ್ನು 12ಕ್ಕೆ ಇಳಿಸಿತು, ಉಳಿದ ಸಂಸ್ಥೆಗಳೂ ಆಮೇಲೆ ಅದೇ ದಾರಿ ಹಿಡಿದವು. ಇಳಿಸಿದ್ದು ಸರಿಯೇ. ಆದರೆ ಹಳೆಯ ಚಾಂಪಿಯನ್‌ಗಳ ದಾಖಲೆ ನಿಂತಿರುವುದು ಆ ಕೊನೆಯ ಮೂರು ಸುತ್ತುಗಳ 9 ನಿಮಿಷಗಳ ಮೇಲೆ.

1941ರ ಜೂನ್ 18ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಹೆವಿವೇಟ್ ಚಾಂಪಿಯನ್ ಜೋ ಲೂಯಿ ಎದುರು ನಿಂತ ಬಿಲ್ಲಿ ಕಾನ್ ಅಸಲಿಗೆ ಹೆವಿವೇಟ್‌ಗಿಂತ ಕೆಳಗಿನ ಲೈಟ್ ಹೆವಿವೇಟ್ ವಿಭಾಗದವರು. ಲೂಯಿಗಿಂತ ಹತ್ತು ಕೆ.ಜಿ.ಗೂ ಮಿಕ್ಕಿ ಹಗುರ. 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದು, ಮೂರನೆಯವರಲ್ಲಿ ಸಮ. ಇಂದಿನ ನಿಯಮವಾಗಿದ್ದರೆ ಅಲ್ಲಿಗೇ ಲೂಯಿ ಪಟ್ಟ ಹೋಯಿತು. ಗೆಲುವು ಕೈಗೆ ಬಂದಿದ್ದರೂ ಕಾನ್ 13ನೇ ಸುತ್ತಿನಲ್ಲಿ ನಾಕೌಟ್‌ಗೆ ಕೈಹಾಕಿ, ಸುತ್ತು ಮುಗಿಯಲು ಎರಡು ಸೆಕೆಂಡ್ ಇರುವಾಗ ತಾವೇ ನಾಕೌಟ್ ಆದರು. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ರಾಕಿ ಮಾರ್ಸಿಯಾನೊ ಕಥೆಯೂ ಇದೇ: ಆಗಿನ ಚಾಂಪಿಯನ್ ಜೆರ್ಸಿ ಜೋ ವಾಲ್‌ಕಾಟ್ ಎದುರು ಮೊದಲ ಸುತ್ತಿನಲ್ಲೇ ಬಿದ್ದು ಎದ್ದರು, 12 ಸುತ್ತಿನ ನಂತರ ಮೂವರ ಲೆಕ್ಕದಲ್ಲೂ ಹಿಂದಿದ್ದರು. 13ನೇ ಸುತ್ತಿನ 43ನೇ ಸೆಕೆಂಡಿಗೆ ಒಂದೇ ಒಂದು ಗಿಡ್ಡ ಬಲಗೈ ಹೊಡೆತ, ವಾಲ್‌ಕಾಟ್ ಹಗ್ಗಕ್ಕೆ ತೋಳು ಸಿಕ್ಕಿಸಿಕೊಂಡು ಕುಸಿದರು. ಎಲ್ಲರೂ ಹೇಳುವ ಮಾರ್ಸಿಯಾನೊ ಅವರ 49–0 (49 ಗೆಲುವು, ಸೋಲೇ ಇಲ್ಲ) ದಾಖಲೆ 12 ಸುತ್ತಿನ ಕಾಲದಲ್ಲಿ ಹುಟ್ಟುತ್ತಲೇ ಇರಲಿಲ್ಲವೇನೋ. ಏನೋ ಎನ್ನಲು ಕಾರಣವಿದೆ. 12 ಎಂದು ಮೊದಲೇ ಗೊತ್ತಿದ್ದರೆ ಲೂಯಿಯಾಗಲಿ ಮಾರ್ಸಿಯಾನೊ ಆಗಲಿ ಎಂಟನೇ ಸುತ್ತಿನಿಂದಲೇ ಮೇಲೆರಗುತ್ತಿದ್ದರು. ದಮ್ಮನ್ನು ಹಂಚಿಕೊಳ್ಳುವ ಲೆಕ್ಕವೇ ಬೇರೆಯಾಗುತ್ತಿತ್ತು.

ತೂಕದ ವಿಷಯಕ್ಕೆ ಬಂದರೆ, ಮಾರ್ಸಿಯಾನೊ ಅಂದು ತೂಗಿದ್ದು ಸುಮಾರು 83.5 ಕೆ.ಜಿ. ಲೂಯಿ 90ರ ಆಸುಪಾಸು. ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವಿಭಾಗದ ಇಂದಿನ ಮಿತಿ 90.7 ಕೆ.ಜಿ., ಅಂದರೆ ಇಬ್ಬರೂ ಈಗ ಹೆವಿವೇಟ್ ಆಗುತ್ತಲೇ ಇರಲಿಲ್ಲ. ಮಾರ್ಸಿಯಾನೊ ಅವರನ್ನು ನಮ್ಮ ಕಾಲದ 6 ಅಡಿ 9 ಇಂಚಿನ ಹೆವಿವೇಟ್ ಟೈಸನ್ ಫ್ಯೂರಿ ಎದುರು ನಿಲ್ಲಿಸುವುದು ಅನ್ಯಾಯ.

ಭಾರ ಕೆಲಸ ಮಾಡುವುದು ಹೊಡೆತದಲ್ಲಿ ಮಾತ್ರವಲ್ಲ, ತಬ್ಬಿ ಹಿಡಿಯುವಾಗ. 2020ರ ಫೆಬ್ರುವರಿಯಲ್ಲಿ 124 ಕೆ.ಜಿ. ತೂಗಿದ ಫ್ಯೂರಿ, 105 ಕೆ.ಜಿ.ಯ ಡಿಯೊಂಟೆ ವೈಲ್ಡರ್ ಕತ್ತಿನ ಮೇಲೆ ಮುಂದೋಳಿಟ್ಟು ಮತ್ತೆ ಮತ್ತೆ ಜೋತುಬಿದ್ದರು. ಹಾಗೆ ಹೊತ್ತವನಿಗೆ ಮೊದಲು ಸೋಲುವುದು ತೊಡೆ. ತೊಡೆ ಸೋತರೆ ಕಾಲು ಊರಿ ಬಲಗೈ ಬೀಸಲಾಗದು, ಹಿಂದೆ ಸರಿಯಲೂ ಆಗದು. ಏಳನೇ ಸುತ್ತಿನಲ್ಲಿ ವೈಲ್ಡರ್ ಕಡೆಯವರು ಸೋಲೊಪ್ಪಿ ಟವೆಲ್ ಎಸೆದರು. ರೆಫರಿ ಇದನ್ನು ಎಷ್ಟು ಬೇಗ ಬಿಡಿಸುತ್ತಾರೆ ಎಂಬುದರ ಮೇಲೆ ಅರ್ಧ ಪಂದ್ಯ ನಿಂತಿರುತ್ತದೆ.

ಹಾಗೆಂದು ದೊಡ್ಡವನೇ ಗೆಲ್ಲುತ್ತಾನೆ ಎಂದೂ ಅಲ್ಲ. 2024ರ ಮೇ 18ರಂದು ರಿಯಾದ್‌ನಲ್ಲಿ, ಕ್ರೂಸರ್‌ವೇಟ್‌ನಿಂದ ಮೇಲೆ ಬಂದ ಒಲೆಕ್ಸಾಂಡರ್ ಉಸಿಕ್ ಸುಮಾರು 101 ಕೆ.ಜಿ., ಫ್ಯೂರಿ 119. ಎಡಗೈ ಬಾಕ್ಸರ್ ಆದ ಉಸಿಕ್ ತಮ್ಮ ಬಲಪಾದವನ್ನು ಫ್ಯೂರಿಯ ಎಡಪಾದದ ಹೊರಗೆ ಇಡುತ್ತಾ, ಹೊಟ್ಟೆಗೆ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಕೊಟ್ಟು ಕಾವಲಿನ ಕೈ ಇಳಿಸಿ, ಆಮೇಲೆ ಎಡಗೈಯನ್ನು ತಲೆಗೆ ಕಳಿಸುತ್ತಿದ್ದರು. ನಡುವಿನ ಸುತ್ತುಗಳಲ್ಲಿ ಫ್ಯೂರಿ ಕೆಳಗಿನಿಂದ ಮೇಲಕ್ಕೆ ಬೀಸುವ ಅಪ್ಪರ್‌ಕಟ್‌ಗಳಿಗೆ ಚೆನ್ನಾಗಿಯೇ ಪೆಟ್ಟು ತಿಂದರು. ಒಂಬತ್ತನೇ ಸುತ್ತಿನಲ್ಲಿ ಫ್ಯೂರಿ ತತ್ತರಿಸಿ, ಹಗ್ಗವಿಲ್ಲದಿದ್ದರೆ ಬಿದ್ದೇಬಿಡುವಂತಾದಾಗ ರೆಫರಿ ಎಂಟರವರೆಗೆ ಎಣಿಸಿದರು. ಒಡಕು ತೀರ್ಪು: 115–112, 114–113 ಉಸಿಕ್‌ಗೆ, 114–113 ಫ್ಯೂರಿಗೆ. ಆ ಎಣಿಕೆಯಿಂದ ಕಳೆದ ಒಂದು ಅಂಕ ಫ್ಯೂರಿಗೆ ಉಳಿದಿದ್ದರೆ ಪಂದ್ಯ ಡ್ರಾ.

ನಿಯಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದಕ್ಕೆ ಜ್ಯಾಕ್ ಡೆಂಪ್ಸಿಗಿಂತ ಸಾಕ್ಷಿ ಬೇಕಿಲ್ಲ. 1919ರಲ್ಲಿ ಟೊಲಿಡೊದಲ್ಲಿ ಅವರು ತಮಗಿಂತ 25 ಕೆ.ಜಿ. ಹೆಚ್ಚು ತೂಗುತ್ತಿದ್ದ ಜೆಸ್ ವಿಲ್ಲರ್ಡ್‌ರನ್ನು ಮೊದಲ ಸುತ್ತಿನಲ್ಲೇ ಏಳು ಬಾರಿ ಕೆಡವಿದರು. ಬಿದ್ದವನ ತಲೆಯ ಮೇಲೇ ನಿಂತಿದ್ದು, ಏಳುತ್ತಿದ್ದಂತೆ ಬಾರಿಸಲು ಆಗ ಅಡ್ಡಿಯಿರಲಿಲ್ಲ. 1927ರಲ್ಲಿ ಶಿಕಾಗೊದಲ್ಲಿ ಜೀನ್ ಟನ್ನಿಯನ್ನು ಕೆಡವಿದಾಗ ಕೆಡವಿದವನು ತಟಸ್ಥ ಮೂಲೆಗೆ (ಇಬ್ಬರದೂ ಅಲ್ಲದ ಮೂಲೆಗೆ) ಹೋದ ಮೇಲಷ್ಟೇ ರೆಫರಿ ಎಣಿಸುವ ನಿಯಮ ಇತ್ತು. ಡೆಂಪ್ಸಿ ತಡಮಾಡಿದರು, ಟನ್ನಿಗೆ ಸುಮಾರು 14 ಸೆಕೆಂಡ್ ಸಿಕ್ಕಿತು, ಗೆದ್ದವರು ಟನ್ನಿ. (ಆ ಕಾಲದ ಮೂಕಿ ಫಿಲ್ಮ್ ನೋಡಿ ಡೆಂಪ್ಸಿ ಕೈವೇಗ ಅಳೆಯುವವರು ಒಂದು ನೆನಪಿಡಲಿ: ಅನೇಕ ಪ್ರತಿಗಳು ಓಡುವ ವೇಗವೇ ಸರಿಯಿಲ್ಲ.)

ಇನ್ನು ರಿಂಗ್‌ಗೆ ಇಳಿದ ಸಂಖ್ಯೆ. ಲೂಯಿ 1941 ಒಂದೇ ವರ್ಷದಲ್ಲಿ ಏಳು ಬಾರಿ ಪಟ್ಟ ಉಳಿಸಿಕೊಂಡರು, ಮುಹಮ್ಮದ್ ಅಲಿ 1966ರಲ್ಲಿ ಐದು ಬಾರಿ. ಇಂದಿನ ಚಾಂಪಿಯನ್ ವರ್ಷಕ್ಕೆ ಎರಡು ಬಾರಿ ಇಳಿದರೆ ಅದೇ ದೊಡ್ಡದು. ಪಂದ್ಯ ಹೆಚ್ಚಾದಷ್ಟೂ ಕೈ ಪಳಗುತ್ತದೆ, ಎದುರಾಳಿಗಳಲ್ಲಿ ಸಪ್ಪೆಯವರೂ ಸೇರಿಕೊಳ್ಳುತ್ತಾರೆ. ಲೂಯಿ ಪಟ್ಟಿಯಲ್ಲಿ ಎರಡೂ ಕಾಣುತ್ತದೆ.

ನನ್ನ ಮಟ್ಟಿಗೆ 12 ಸುತ್ತಿನಲ್ಲಿ ಫ್ಯೂರಿಯಂಥವರನ್ನು ಕಾಲಿನ ಚುರುಕಿನಿಂದ ಮೀರಿಸಬಲ್ಲ ಹಳಬರೆಂದರೆ 1966ರ ಅಲಿ ಮತ್ತು ಲ್ಯಾರಿ ಹೋಮ್ಸ್. 15 ಸುತ್ತಾದರೆ ಈ ಪಟ್ಟಿಗೆ ಜೋ ಫ್ರೇಜಿಯರ್ ಹೆಸರೂ ಸೇರಲಿ. ಮುಂದೆ ಇಂಥ ಪಟ್ಟಿ ಪ್ರಕಟಿಸುವಾಗ ಪಂದ್ಯದ ದಿನದ ತೂಕ, ಸುತ್ತುಗಳ ಸಂಖ್ಯೆ, ಆ ವರ್ಷ ಆಡಿದ ಪಂದ್ಯಗಳು – ಈ ಮೂರು ಅಂಕಣ ಸೇರಿಸಿ, ಜಾಗ ಸಾಲದಿದ್ದರೆ ಎತ್ತರದ ಅಂಕಣ ಕೈಬಿಡಿ.

– ಓದುಗ, ದಾವಣಗೆರೆ