ಸ್ಕೂಬಾ ಕೋರ್ಸ್‌ಗೆ ಹೆಸರು ಕೊಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿದ ಮೇಲೆ ಮುರುಡೇಶ್ವರಕ್ಕೆ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರಿನೊಳಗೆ ಮುಳುಗುವುದು) ಕಲಿಯಲು ಹೊರಟವರು ಓದಿ.

ಸ್ಕೂಬಾ ಕಲಿತವರಿಗೆ ಕಾರ್ಡ್ ಕೊಡುವ ಸಂಸ್ಥೆಗಳಲ್ಲಿ ಪ್ಯಾಡಿಯೋ ಎಸ್‌ಎಸ್‌ಐಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡರ ಓಪನ್ ವಾಟರ್ ಕಾರ್ಡೂ (ಮೊದಲ ಹಂತದ ಪ್ರಮಾಣಪತ್ರ) 18 ಮೀಟರ್ ಆಳದವರೆಗೆ, ಎಲ್ಲ ಕಡೆ ನಡೆಯುತ್ತದೆ. ವಿಚಾರಿಸಬೇಕಾದ್ದು ಕಲಿಸುವವರ ಬಗ್ಗೆ: ಒಬ್ಬರ ಕೈಕೆಳಗೆ ಎಷ್ಟು ಜನ, ಸಮುದ್ರದಲ್ಲಿ 4 ಡೈವ್ ಪೂರ್ತಿ ಮಾಡಿಸುತ್ತಾರಾ ಎಂದು. ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಮಾಡಿಸುವ ಒಂದು ದಿನದ ಡೈವ್‌ಗೆ ಈ ಕಾರ್ಡ್ ಸಿಗುವುದಿಲ್ಲ.

ಕೋರ್ಸ್‌ನಲ್ಲಿ ಮಾಡಿ ತೋರಿಸಬೇಕಾದ 200 ಮೀಟರ್ ಈಜು, 10 ನಿಮಿಷ ತೇಲುವುದು ಈಗಲೇ ಈಜುಕೊಳದಲ್ಲಿ ರೂಢಿಯಾಗಲಿ. ಉಬ್ಬಸ, ಕಿವಿ, ಹೃದಯದ ತೊಂದರೆ ಇದ್ದವರು ಡೈವ್ ಮಾಡಬಹುದು ಎಂಬುದಕ್ಕೆ ವೈದ್ಯರ ಸಹಿ ಇಲ್ಲಿಂದಲೇ ತನ್ನಿ.

ಕೊನೆಯ ಡೈವ್ ಆದ ಸಂಜೆಯೇ ಘಾಟಿ ಹತ್ತುವುದು ಖಂಡಿತ ಬೇಡ. ಮೇಲೇರಿದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಬಹುದು. ರಾತ್ರಿ ಅಲ್ಲೇ ಉಳಿದು ಮರುದಿನ ಮಧ್ಯಾಹ್ನದ ಮೇಲೆ ಹೊರಡೋಣ. ರಜೆ ಹಾಗೇ ಹಾಕಿ.

ಬರುವವರು ಹೆಸರು, ವಯಸ್ಸು, ಈಜು ಬರುತ್ತದೋ ಇಲ್ಲವೋ ಎಂಬುದನ್ನು ಭಾನುವಾರದೊಳಗೆ ಇಲ್ಲೇ ತಿಳಿಸಿ.